ಭರಮಮ್ಮ ಬಚ್ಚಿಟ್ಟ ರಕ್ತ

ಗುಡೇಕೋಟೆಯ ಭರಮಮ್ಮ ಚೌಡಮ್ಮನ ಪಡ್ಡಲಿಗೆ ಹೊರುವವಳು. ದೇವಿಯ ಆ ಬಿದಿರುಬುಟ್ಟಿ ಹೊತ್ತ ಸೊಸೆ ಪರರ ಮನೆಯ ಅನ್ನ ಮುಟ್ಟಬಾರದೆಂಬುದು ಅವರ ಮನೆತನದ ಕಟ್ಟಳೆ. ಕುರಿಮಂದೆಯ ಹಿಂದೆ ಊರೂರು ಅಲೆದರೂ ಆಕೆ ತನ್ನ ರೊಟ್ಟಿಯ ಗಂಟನ್ನೇ ಬಿಚ್ಚಿ ಉಂಡವಳು. ಅನ್ನವೇ ಸಲ್ಲದೆಂದ ಮೇಲೆ ಪರರ ರಕ್ತ ಸಲ್ಲುವುದುಂಟೇ? ಹಾಗೆಂದು ಯಾರೂ ಹೇಳಿರಲಿಲ್ಲ; ಆಕೆಯೇ ಅಂದುಕೊಂಡಳು.

ಚೊಚ್ಚಲ ಹೆರಿಗೆಗೆ ತವರು ತೆಲಿಗಿಗೆ ಹೋದಾಗ ರಕ್ತ ಹಾಕಿಸಿಕೊಂಡದ್ದನ್ನು ಗಂಡನಿಗೂ ತಿಳಿಸಲಿಲ್ಲ. ವರ್ಷಗಳ ಮೇಲೆ ಗರ್ಭಕೋಶದ ಆಪರೇಷನ್ನಿನ ಹೊತ್ತಿಗೆ, ಹಿಂದೆ ರಕ್ತ ಹಾಕಿದ್ದರೇ ಎಂದು ಆಸ್ಪತ್ರೆಯವರು ಕೇಳಿದಾಗಲೂ, ಗಂಡ ಮೈಲಾರೇಶ ಪಕ್ಕದಲ್ಲಿದ್ದುದರಿಂದ ಇಲ್ಲವೆಂದಳು. ರಕ್ತ ಹಾಕಿದರು. "ಅವ್ವಗ ಹೇಳಬ್ಯಾಡ," ಎಂದ ಅವನು.

ಮನೆಗೆ ಬಂದು ವಾರ ಕಳೆಯುವಷ್ಟರಲ್ಲಿ ಜ್ವರ ಬಂತು. ಕಣ್ಣು ಹಳದಿಯಾಯಿತು, ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು. ಅತ್ತೆ ಅಂಜಿನಕ್ಕ ಕಾಮಣಿಯೆಂದು ಬಗೆದು ಬೇರಿನ ಔಷಧ ಕುಡಿಸಿದಳು. ಸೊಸೆ ಎದ್ದು ನಿಲ್ಲಲಾರದಂತಾದಾಗ ಕೂಡ್ಲಿಗಿಯ ಡಾಕ್ಟರ್ ಅರ್ಚನಾ ಬಳಿಗೆ ಕರೆತಂದಳು.

"ಆಪರೇಷನ್ನಿನ್ಯಾಗ ರಕ್ತ ಹಾಕಿದ್ರೇನ್ರಿ?"

"ಇಕಿಗ್ಯಾರು ಹಾಕ್ತಾರ್ರಿ?" ಅಂಜಿನಕ್ಕ ನಕ್ಕಳು. "ಪಕ್ಕದ್ಮನಿ ಮಜ್ಜಿಗೀನೂ ಮುಟ್ಟಲ್ಲ ಈ ಮಹಾತಾಯಿ!"

ಭರಮಮ್ಮ ಇಬ್ಬರ ಮುಖವನ್ನೂ ನೋಡಿದಳು. ಹೇಳಿದರೆ ದೇವಿ ದೂರ, ಹೇಳದಿದ್ದರೆ ಮಕ್ಕಳು ದೂರ. ಅಯ್ಯೋ, ಕೇಳುವವರೇ, ದೇವಿಯೂ ತಾಯಿಯಲ್ಲವೇ; ತನ್ನ ಮಗಳು ಬದುಕಲೆಂದು ಬಯಸದ ತಾಯಿ ಎಲ್ಲಾದರೂ ಉಂಟೇ? ಭಯಕ್ಕೆ ಭಕ್ತಿಯ ಸೀರೆ ಉಡಿಸಿ ನಾವು ಎಷ್ಟು ಸಲ ಮೋಸಹೋಗುತ್ತೇವೆ!

"ಹಾಕ್ಯಾರ್ರಿ," ಎಂದಳು ಕೊನೆಗೆ. "ಹಿಂದಕ ಹೆರಿಗ್ಯಾಗೂ ಹಾಕಿದ್ರು. ಅತ್ತೀ, ತೆಪ್ಪಾತು."

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಬಿಡಿಸಿ ಹೇಳಿದರು: "ಹಿಂದಿನ ರಕ್ತದ ಗುರ್ತು ನಿಮ್ಮ ಮೈ ಹಿಡಿದಿಟ್ಕಂಡಿತ್ರಿ. ಆ ಗುರ್ತು ಆಪರೇಷನ್ನಿನ ಮುಂಚಿನ ಪರೀಕ್ಷಿಗೆ ಸಿಗದಷ್ಟು ಮಾಸಿತ್ತು. ಮತ್ತ ಅಂಥದ್ದೇ ರಕ್ತ ಬಂದಾಗ ಮೈ ನಿಧಾನಕ್ಕ ಎಚ್ಚತ್ತು, ಅದನ್ನ ಒಡೀಲಿಕ್ಕೆ ಹತ್ತೇತಿ. ಇದು ಕಾಮಣಿ ಔಷಧಕ್ಕ ಬಗ್ಗಲ್ಲ. ಹೇಳಿದ್ದು ಚಲೋ ಆತು. ಈಗ ಹೊಂದೋ ರಕ್ತಾನೇ ಹುಡುಕಸ್ತೀನಿ."

ಅಂಜಿನಕ್ಕ ಸೊಸೆಯ ಕೆನ್ನೆ ತಿವಿದಳು. "ಹುಚ್ಚಿ! ನೀನು ಸತ್ರ ನಮ್ಮವ್ವ ಚೌಡಮ್ಮ ನನ್ನ ಬಿಡ್ತಾಳೇನ?"

ದೂರದ ರಕ್ತನಿಧಿಯಿಂದ ಹೊಂದುವ ರಕ್ತ ಬಂತು. ಹನಿ ಇಳಿಯತೊಡಗಿದಾಗ ಭರಮಮ್ಮ ಅಭ್ಯಾಸಬಲದಿಂದ ಸೆರಗಿನಲ್ಲಿ ತೋಳು ಮುಚ್ಚಿಕೊಂಡಳು. ಅತ್ತೆ ಆ ಸೆರಗನ್ನು ಸರಿಸಿ, ಮೇಲೆ ತೂಗುತ್ತಿದ್ದ ಚೀಲಕ್ಕೆ ಕೈಮುಗಿದಳು.

"ಯಾವ ತಾಯಿ ಹಡೆದ ಮಗಂದೋ," ಎಂದಳು, "ತಣ್ಣಗಿರ್ಲಿ."