ಸಣ್ಣ ಮಾವನ ಕಟ್ಟಿಗೆ ಗಾಣ

ನನ್ನ ಬಾಯಿ ಜೋರು. ತವರಾದ ಕಣಗಲಾದಲ್ಲೇ ಆ ಹೆಸರು ಬಂದಿತ್ತು. ಮದುವೆಯಾಗಿ ಕುಲಗೋಡದ ಹತ್ತಿರದ ತೋಟದ ಮನೆಗೆ ಹೊರಟಾಗ, ಅಲ್ಲಿ ಹೋಗಿ ನಾಲಿಗೆ ಬಿಗಿ ಹಿಡಿ ಎಂದು ಅವ್ವ ನಾಲ್ಕು ಸಲ ಹೇಳಿ ಕಳಿಸಿದ್ದಳು. ಒಂದು ವರ್ಷ ಹಿಡಿದೆ. ಆಮೇಲೆ ಹಿಡಿಯುವುದು ನನ್ನಿಂದ ಆಗಲಿಲ್ಲ. ಅದಕ್ಕೆ ಕಾರಣ ಒಲೆ.

ಆ ಮನೆಯಲ್ಲಿ ದಿನಕ್ಕೆ ಹನ್ನೆರಡು ಜನ ಉಣ್ಣುತ್ತಿದ್ದರು. ಕಬ್ಬು ಕಡಿದು ಬೆಲ್ಲ ಮಾಡುವ ದಿನಗಳಲ್ಲಿ ಗಾಣದ ಆಳುಗಳೂ ಸೇರಿ ಇಪ್ಪತ್ತೈದು ದಾಟುತ್ತಿತ್ತು. ಅಷ್ಟು ಜನರಿಗೆ ರೊಟ್ಟಿ ಬಡಿಯಬೇಕಾದರೆ ಬೆಂಕಿ ಒಂದೇ ಸಮ ಉರಿಯಬೇಕು. ನಮ್ಮಲ್ಲಿ ಇದ್ದದ್ದು ಜಾಲಿ ಕಟ್ಟಿಗೆ. ಉರಿದರೆ ಅದರಂಥ ಕಟ್ಟಿಗೆ ಇಲ್ಲ, ಆದರೆ ಸೀಳುವುದು ಯಾರಿಗೂ ಬೇಡ. ಗಂಟು ಗಂಟಾದ ಬೊಡ್ಡೆಗಳನ್ನು ಗಂಡಸರು ಹಿತ್ತಲಿಗೆ ತಂದು ಉರುಳಿಸಿದರೆ ಅವರ ಕೆಲಸ ಮುಗಿಯಿತು. ಕೊಡಲಿ ಹಿಡಿದು ಅದನ್ನು ಒಲೆಯ ಬಾಯಿಗೆ ಹೊಂದಿಸುವುದು ನನ್ನ ಪಾಲಿಗೆ. ನನ್ನ ಅಂಗೈ ನೋಡಿದವರು ಇವಳು ಸೊಸೆಯೋ ಬಡಿಗನೋ ಎಂದು ಕೇಳಬೇಕು, ಹಾಗಾಗಿತ್ತು.

ಸಣ್ಣ ಮಾವ ಎಂದರೆ ನನ್ನ ಮಾವನವರ ತಮ್ಮ. ಮದುವೆ ಮಾಡಿಕೊಂಡವರಲ್ಲ. ಹುಡುಗನಾಗಿದ್ದಾಗ ಬಂಡಿಯಿಂದ ಬಿದ್ದು ಎಡಗಾಲು ಸ್ವಲ್ಪ ಎಳೆಯುತ್ತಿದ್ದರು, ಹೀಗಾಗಿ ನೇಗಿಲು, ಕುಂಟೆ ಅವರಿಗೆ ಆಗಿಬರುತ್ತಿರಲಿಲ್ಲ. ಅವರ ಕೆಲಸವೆಲ್ಲ ಬಾವಿಯ ಮೇಲೆ. ಕಪಿಲೆ ಹೊಡೆಯುವುದರಲ್ಲಿ ಸುತ್ತಲಿನ ನಾಲ್ಕು ಊರಲ್ಲಿ ಅವರನ್ನು ಸರಿಗಟ್ಟುವವರಿರಲಿಲ್ಲ. ಕಪಿಲೆ ನೋಡದವರಿಗೆ ಇಷ್ಟು ಹೇಳಬೇಕು. ಬಾವಿಯ ಬಾಯಿಗೆ ಎರಡು ಕಂಬ, ಕಂಬದ ನಡುವೆ ಗಾಲಿ, ಗಾಲಿಯ ಮೇಲಿಂದ ಹಗ್ಗ. ಹಗ್ಗದ ಒಂದು ತುದಿಗೆ ತೊಗಲಿನ ಬಾನಿ, ಇನ್ನೊಂದು ತುದಿಗೆ ಎತ್ತುಗಳು. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ತುಂಬಿದ ಬಾನಿ ಮೇಲೆ ಬರುತ್ತದೆ. ಬಾನಿ ತೊಟ್ಟಿಗೆ ಬರಿದಾಗಿ ಹಗ್ಗ ಸಡಿಲವಾದ ಕೂಡಲೇ ಎತ್ತುಗಳು ಹಿಂದೆ ಹಿಂದಕ್ಕೆ ಹೆಜ್ಜೆಯಿಡುತ್ತ ಇಳಿಜಾರು ಹತ್ತುತ್ತವೆ. ಕೆಳಗೆ ಹೋಗುವಾಗ ಸಣ್ಣ ಮಾವ ಬಿಗಿದ ಹಗ್ಗದ ಮೇಲೆ ಹಾರಿ ಕೂತು, ತಮ್ಮ ಭಾರವನ್ನೂ ಅದಕ್ಕೆ ಕೊಟ್ಟು, ಉದ್ದಕ್ಕೆ ಒಂದು ಕೂಗು ಎಳೆಯುತ್ತಿದ್ದರು. ಮಾತಲ್ಲ, ಹಾಡೂ ಅಲ್ಲ, ಬರೀ ಕೂಗು. ಅದು ಕೇಳಿದರೇ ಎತ್ತು ಹೆಜ್ಜೆ ಕೀಳುತ್ತಿದ್ದದ್ದು.

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಬಾವಿಗೆ ಎಣ್ಣೆ ಎಂಜಿನ್ ಬಂತು. ಬೆಳಿಗ್ಗೆ ಟಕಟಕ ಎಂದು ಶುರುವಾದರೆ ಮಧ್ಯಾಹ್ನದೊಳಗೆ ಎರಡು ದಿನದ ನೀರು ಎತ್ತಿ ಸುಮ್ಮನಾಗುತ್ತಿತ್ತು. ಕಪಿಲೆಯ ಜೋಡಿಯಲ್ಲಿ ಒಂದು ಎತ್ತು ಹಿಂದಿನ ಬೇಸಿಗೆಯಲ್ಲೇ ಸತ್ತಿತ್ತು. ಉಳಿದದ್ದು ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕತೊಡಗಿತು. ಸಣ್ಣ ಮಾವ ಪಡಸಾಲೆಯಲ್ಲಿ ಕೂತರು. ಎಲ್ಲರೂ ಎಂಜಿನ್ ನೋಡುವ ಸಡಗರದಲ್ಲಿದ್ದೆವು, ಅವರು ಕೂತದ್ದನ್ನು ಯಾರೂ ನೋಡಲಿಲ್ಲ.

ಅದೇ ದಿನಗಳಲ್ಲಿ ಒಂದು ಸಂಜೆ, ಅಡ್ಡಮಳೆಗೆ ಕಟ್ಟಿಗೆಯೆಲ್ಲ ತೊಯ್ದು, ಹೊಗೆಗೆ ನನ್ನ ಕಣ್ಣು ಮೂಗು ಒಂದಾಗಿ ಸುರಿಯುತ್ತಿತ್ತು. ಹಂಚು ಕಾಯುತ್ತಿಲ್ಲ, ಆಳುಗಳು ಬಂದು ಕೂತಾಗಿದೆ. ನನಗೆ ನೆತ್ತಿಗೇರಿತು. ಗಂಡನಿಗೆ ಕೇಳಲೆಂದೇ ದನಿ ಎತ್ತಿದೆ.

"ನೀರ ಎತ್ತಾಕ ಎಂಜಿನ್ ಬಂತು. ಕಟಗಿ ಒಡ್ಯಾಕ ಯಾರ ಬರ್ತಾರ? ಕುಂತ ಉಣ್ಣವರಿಗೂ ನಾನ ರೊಟ್ಟಿ ಬಡೀಬೇಕು."

ಎಂಜಿನ್ ಶುರು ಮಾಡಿ ಮರದ ಕೆಳಗೆ ಬೀಡಿ ಸೇದುತ್ತ ಕೂಡುವ ಗಂಡನಿಗೆ ಅಂದ ಮಾತು ಅದು. ಅವರು ಮನೆಯಲ್ಲೇ ಇರಲಿಲ್ಲ. ಪಡಸಾಲೆಯಲ್ಲಿ ಇದ್ದವರು ಸಣ್ಣ ಮಾವ ಒಬ್ಬರೇ.

ಆ ರಾತ್ರಿ ಊಟದಲ್ಲಿ ಅವರು ಒಂದು ರೊಟ್ಟಿಗೆ ಕೈ ತೊಳೆದರು. ಯಾವಾಗಲೂ ಮೂರು ಉಣ್ಣುವವರು. ಕಾಯಕ ಮಾಡದೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ ಎಂದು ನಂಬಿದ ಮನೆತನ ನಮ್ಮದು. ಅದನ್ನು ಮಾತಿನಲ್ಲಿ ನಂಬಿದವರು ಬಹಳ ಜನ, ಹೊಟ್ಟೆಯಲ್ಲಿ ನಂಬಿದವರು ಅವರೊಬ್ಬರೇ. ಮರುದಿನವೂ ಒಂದೇ ರೊಟ್ಟಿ. ಬುಟ್ಟಿಯಲ್ಲಿ ಉಳಿದ ಎರಡು ರೊಟ್ಟಿ ನೋಡಿ ನನಗೆ ತಿಳಿಯಿತು. ಹೋಗಿ, ನಿಮಗಂದದ್ದಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಜೋರು ಬಾಯಿಯವರಿಗೆ ತಪ್ಪಾಯಿತು ಅನ್ನುವಾಗ ಮಾತ್ರ ನಾಲಿಗೆ ಏಳುವುದಿಲ್ಲ.

ಮೂರನೆಯ ದಿನ ಸಣ್ಣ ಮಾವ ಒಂದು ಜೋಳದ ದಂಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು. ಒಲೆಯೊಳಗೆ ದಂಟು ತೂರಿಸಿ, ಎಷ್ಟು ಹಿಡಿಯುತ್ತದೆ ಎಂದು ನೋಡಿ, ಅಲ್ಲಿಗೆ ಮುರಿದುಕೊಂಡು ಹೊರಟುಹೋದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಬಾವಿಯ ಕಡೆ ಗುದ್ದಲಿಯ ಸದ್ದು ಕೇಳಿತು.

ಕಪಿಲೆಯ ಎರಡೂ ಕಂಬ ಕಿತ್ತು, ಬಾವಿಯಿಂದ ನಾಲ್ಕು ಮಾರು ಈಚೆ, ಇಳಿಜಾರಿನ ತಲೆಗೆ ಗಟ್ಟಿ ನೆಲದಲ್ಲಿ ಹುಗಿದರು. ಹಳೆಯ ಗಾಲಿಯನ್ನೇ ಮೇಲೆ ಏರಿಸಿದರು. ಕಂಬಗಳ ಬುಡದಲ್ಲಿ ಒಂದು ದೊಡ್ಡ ಜಾಲಿಯ ಬೊಡ್ಡೆಯನ್ನು ಅರ್ಧ ನೆಲಕ್ಕಿಳಿಸಿ ಪೀಠ ಮಾಡಿದರು. ಇನ್ನೊಂದು ತುಂಡಿಗೆ ಬಂಡಿ ಗಾಲಿಯ ಕಬ್ಬಿಣದ ಹಳಿ ಸುತ್ತಿ ಗುಂಡು ಮಾಡಿದರು. ಅದರ ಹೊಟ್ಟೆಯ ಕೆಳಗೆ ಬೆಣೆ ಬೇಕಿತ್ತು. ಗೋಕಾಕದಲ್ಲಿ ಹಳೆ ಕಬ್ಬಿಣ ಮಾರುವ ಮೋಡಕಾ ಅಂಗಡಿಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಾ ಹುಡುಕಿ ತಂದು, ಮೂಡಲಗಿಯ ಕಂಬಾರನ ಕುಲುಮೆಯ ಮುಂದೆ ಎರಡು ದಿನ ಕೂತು ಬಡಿಸಿಕೊಂಡು ಬಂದರು. ಕಂಬಾರ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಸೊಸೆಗೆ ಒಂದು ಕೊಡಲಿ ಎಂದರಂತೆ. ಇಂಥ ಕೊಡಲಿ ಎತ್ತುವ ಸೊಸೆಯನ್ನು ಒಮ್ಮೆ ನೋಡಬೇಕು ಎಂದು ಅವನು ನಕ್ಕನಂತೆ.

ಎತ್ತು ಕೆಳಗೆ ನಡೆದರೆ ಬಾನಿಯ ಬದಲು ಗುಂಡು ಮೇಲೇರಬೇಕು. ಗಾಲಿಯ ಹತ್ತಿರ ಬಂದಾಗ ಗುಂಡನ್ನು ಹಿಡಿದ ಹಗ್ಗದ ತುದಿಯ ಕೊಂಡಿ ಒಂದು ಗೂಟಕ್ಕೆ ತಾಗಿ ಬಾಯಿ ಬಿಡಬೇಕು. ಗುಂಡು ಕಂಬಗಳ ನಡುವೆ ನೇರ ಇಳಿದು ಪೀಠದ ಮೇಲಿನ ಕಟ್ಟಿಗೆಯನ್ನು ಸೀಳಬೇಕು. ಹಗ್ಗ ಸಡಿಲವಾದದ್ದೇ ತಡ, ಎತ್ತು ಕಲಿತ ಪ್ರಕಾರ ಹಿಂದಕ್ಕೆ ಬರಬೇಕು, ಕೊಂಡಿ ಇಳಿದು ಗುಂಡಿನ ಬಳೆಗೆ ಮತ್ತೆ ಸಿಕ್ಕಿಕೊಳ್ಳಬೇಕು. ಇಷ್ಟೂ ಬೇಕುಗಳಲ್ಲಿ ಎತ್ತಿನದೊಂದೇ ಮೊದಲ ದಿನ ಸರಿಯಾದದ್ದು. ಗುಂಡು ವಾಲಿ ಕಂಬಕ್ಕೆ ಸಿಕ್ಕಿಬೀಳುತ್ತಿತ್ತು, ಕೊಂಡಿ ಬಿಟ್ಟರೆ ಬಿಡಬಾರದ ಹೊತ್ತಿಗೆ ಬಿಡುತ್ತಿತ್ತು. ಮಾವನವರು ಬಂದು ನೋಡಿ, ತಮ್ಮನಿಗೆ ಆಡಲು ಒಂದು ಸಾಮಾನು ಸಿಕ್ಕಿತು ಎಂದು ಹೋದರು. ಹತ್ತು ದಿನ ಕೆತ್ತಿ, ಉಜ್ಜಿ, ಕಂಬಕ್ಕೆ ಎಣ್ಣೆ ಸವರಿ, ಹನ್ನೊಂದನೆಯ ದಿನ ಸಣ್ಣ ಮಾವ ನನ್ನನ್ನು ಕರೆದರು.

ದಂಟಿನ ಅಳತೆಗೆ ಗರಗಸದಿಂದ ಕೊಯ್ದ ಬೊಡ್ಡೆಯೊಂದು ಪೀಠದ ಮೇಲಿತ್ತು. ಹಿಂದಿನ ವಾರ ನಾನು ಎಂಟು ಪೆಟ್ಟು ಹಾಕಿ ಸೋತು ಬೈದು ಬಿಟ್ಟ ಬೊಡ್ಡೆ ಅದು. ಕೂಗು ಎದ್ದಿತು, ಎತ್ತು ನಡೆಯಿತು, ಗುಂಡು ಏರಿತು. ನೆಲ ಒಮ್ಮೆ ನಡುಗಿ ಬೊಡ್ಡೆ ಎರಡು ಹೋಳಾಗಿ ಅತ್ತ ಇತ್ತ ಬಿತ್ತು. ನಾನು ಹೋಳುಗಳನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡು ಅತ್ತುಬಿಟ್ಟೆ. ಯಾರೋ ನನ್ನ ಒಲೆಯ ಬಾಯಿ ಅಳೆದುಕೊಂಡು ಹೋಗಿ ಕಟ್ಟಿಗೆ ಮಾಡಿಕೊಟ್ಟದ್ದು ಅದೇ ಮೊದಲು. ಆ ರಾತ್ರಿ ಅವರು ಮೂರು ರೊಟ್ಟಿ ಉಂಡರು, ಮೇಲೊಂದು ಚೂರು ಬೆಲ್ಲ ಕೇಳಿದರು.

ಊರಲ್ಲಿ ಅದಕ್ಕೆ ಕಟ್ಟಿಗೆ ಗಾಣ ಎಂದು ಹೆಸರು ಬಿತ್ತು. ಮದುವೆ ಇದ್ದ ಮನೆಯವರು ಬೊಡ್ಡೆಗಳನ್ನು ಬಂಡಿಯಲ್ಲಿ ಹೇರಿಕೊಂಡು ಬಂದು ಸೀಳಿಸಿಕೊಂಡು ಹೋಗುತ್ತಿದ್ದರು. ಸಣ್ಣ ಮಾವನ ನಡಿಗೆಯಲ್ಲಿ ಎಳೆತ ಕೂಡ ಕಡಿಮೆಯಾದಂತೆ ನನಗೆ ಕಾಣುತ್ತಿತ್ತು.

ಅವಘಡ ಆದದ್ದು ಆ ಮಾಗಿಯಲ್ಲಿ. ಯಂತ್ರ ಹೊಸದು, ಮೈ ಹಳೆಯದು. ಕಪಿಲೆಯಲ್ಲಿ ಬಾನಿ ಸಾವಕಾಶ ಬರಿದಾಗುತ್ತದೆ, ಹಗ್ಗವೂ ಸಾವಕಾಶ ಸಡಿಲವಾಗುತ್ತದೆ. ಮೇಲೆ ಕೂತವನಿಗೆ ಇಳಿಯಲು ಹೊತ್ತಿರುತ್ತದೆ. ಇಲ್ಲಿ ಕೊಂಡಿ ಬಿಟ್ಟಿತೆಂದರೆ ಹಗ್ಗ ಒಂದೇ ಸಲಕ್ಕೆ ಸತ್ತುಬೀಳುತ್ತದೆ. ಅದು ಅವರಿಗೆ ಗೊತ್ತಿಲ್ಲದ್ದಲ್ಲ, ಕೊಂಡಿ ಮಾಡಿದವರೇ ಅವರು. ಆದರೆ ಅವತ್ತು ಕೆಲಸ ಲಯಕ್ಕೆ ಬಿದ್ದಿತ್ತು, ಕೂಗು ಗಂಟಲಲ್ಲಿತ್ತು, ಬಿಗಿದ ಹಗ್ಗ ಪಕ್ಕದಲ್ಲೇ ಹೋಗುತ್ತಿತ್ತು. ಮೂವತ್ತು ವರ್ಷ ಹಾರಿ ಕೂತ ಮೈ ಹಾರಿ ಕೂತಿತು. ಮೇಲೆ ಕೊಂಡಿ ಬಿಟ್ಟಿತು. ಹೋಳು ಆರಿಸಲು ಬಗ್ಗಿದ್ದ ನಾನು ತಲೆ ಎತ್ತುವುದರೊಳಗೆ ಅವರು ಇಳಿಜಾರಿನ ಕಲ್ಲಿನ ಮೇಲೆ ಬಿದ್ದಿದ್ದರು. ಪುಣ್ಯಕ್ಕೆ ಎತ್ತು ಅವರನ್ನು ಕಂಡು ಹಿಂದಕ್ಕೆ ಬರದೆ ಅಲ್ಲೇ ನಿಂತಿತು.

ಹುಕ್ಕೇರಿ ಕಡೆಯಿಂದ ಎಲುಬು ಕೂಡಿಸುವವರನ್ನು ಕರೆಸಿದರು. ಸೊಂಟದ ಪೆಟ್ಟು, ಮೂರು ತಿಂಗಳು ಏಳಬಾರದು ಎಂದು ಹೇಳಿ ಪಟ್ಟು ಹಾಕಿ ಹೋದರು. ಬಾವಿ ಕಾಣುವ ಕಿಟಕಿಯ ಪಕ್ಕ ಹೊರಸು ಹಾಕಿದೆವು. ಮಾವನವರು ಆ ಕಂಬಗಳನ್ನು ಕಿತ್ತುಹಾಕಲು ಆಳಿಗೆ ಹೇಳಿದರು. ಊಟದ ತಟ್ಟೆ ಒಯ್ದರೆ ಮತ್ತೆ ಒಂದೇ ರೊಟ್ಟಿ, ಅದರಲ್ಲೂ ಅರ್ಧ ಬಿಡುತ್ತಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾವನವರ ಮುಂದೆ ನಿಂತು, ಕಂಬ ಕಿತ್ತರೆ ನಾಳೆಯಿಂದ ಒಲೆ ನೀವೇ ಹಚ್ಚಿರಿ ಎಂದೆ. ಮಾವನವರ ಎದುರು ನಿಂತು ಅಂಥ ಮಾತನಾಡಿದ್ದು ಅದೊಂದೇ ಸಲ. ಕಂಬ ಉಳಿದವು.

ಆದರೆ ಎತ್ತು ನನ್ನ ಮಾತಿಗೆ ಕಿವಿಯನ್ನೂ ಅಲುಗಿಸಲಿಲ್ಲ. ಹಗ್ಗ ಕಟ್ಟಿ ಹೊಡೆದೆ, ಬೈದೆ, ಹುಲ್ಲು ತೋರಿಸಿದೆ, ನಿಂತಲ್ಲೇ ನಿಂತಿತು. ಆಗ ಕಿಟಕಿಯಿಂದ ಕೂಗು ಬಂತು. ಮಲಗಿದವರ ಕೂಗು, ಸಣ್ಣದು. ಎಂಜಿನ್ ನಿಂತ ಹೊತ್ತಾದ್ದರಿಂದ ಕೇಳಿತು. ಎತ್ತು ಹೆಜ್ಜೆ ಕಿತ್ತಿತು. ಅಂದಿನಿಂದ ಮಧ್ಯಾಹ್ನ ಎಂಜಿನ್ ಬಂದ್ ಆದ ಮೇಲೆ ನಮ್ಮ ಕೆಲಸ. ನಾನು ಬೊಡ್ಡೆ ಇಟ್ಟು ದೂರ ಸರಿದು, ಹ್ಞೂಂ ಮಾವಾರ ಎನ್ನುವುದು. ಅವರು ಹೊರಸಿನಿಂದ ಕೂಗುವುದು. ಎತ್ತು ಹೋಗುವುದು, ಗುಂಡು ಬೀಳುವುದು. ರೊಟ್ಟಿ ಎರಡಾದವು, ಆಮೇಲೆ ಮೂರಾದವು.

ಎರಡು ತಿಂಗಳಾಗಿರಬೇಕು. ಒಂದು ದಿನ ಕರೆದರೆ ಉತ್ತರ ಬರಲಿಲ್ಲ. ಕಿಟಕಿಯಲ್ಲಿ ಇಣುಕಿದೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ನೋಡೋಣವೆಂದು ನಾನೇ ಗಂಟಲು ಬಿಟ್ಟು ಅವರ ಹಾಗೆ ಕೂಗಿದೆ. ಎತ್ತು ಹೊರಟೇಬಿಟ್ಟಿತು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಒಂದರ ಹಿಂದೆ ಒಂದು ಹದಿನೈದು ಬೊಡ್ಡೆ ಸೀಳಿ ರಾಶಿ ಹಾಕಿದೆ. ಸಂಜೆ ಊಟ ಒಯ್ದಾಗ ಅವರು ಒಂದು ರೊಟ್ಟಿ ಉಂಡು, ಹಸಿವಿಲ್ಲ ಎಂದರು.

ತಟ್ಟೆ ತೊಳೆಯುವಾಗ ನನಗೆ ಹೊಳೆಯಿತು. ಎಂಜಿನ್ ಮಾಡಿದ್ದನ್ನೇ ನಾನೂ ಮಾಡಿದ್ದೆ.

ಮರುದಿನ ಹೊರಸಿನ ಹತ್ತಿರ ಹೋಗಿ ನಿಂತೆ. ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೊಡೆಯುವವಳೆಂದು ಹೆಸರಾದ ನಾನು, ಆ ಮನೆಯಲ್ಲಿ ಹೇಳಿದ ಮೊದಲ ಸುಳ್ಳು ಅದು.

"ಮಾವಾರ, ನಿನ್ನೆ ಏನೋ ನನ್ನ ಕೂಗಿಗೆ ಹೋತು. ಇವತ್ತ ಎತ್ತು ಹೆಜ್ಜಿ ಇಡವಲ್ದು. ನೀವು ಕೂಗ್ರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೂಗಿದರು. ಅಂದು ಮೂರು ರೊಟ್ಟಿ. ಅಲ್ಲಿಂದ ಮುಂದೆ ನಾನು ಒಂದು ದಿನವೂ ಎತ್ತಿಗೆ ಕೂಗಲಿಲ್ಲ. ಅವರಿಗೆ ಕೆಮ್ಮು ಬಂದ ದಿನ ಕಟ್ಟಿಗೆ ಸೀಳುವುದನ್ನೇ ಬಿಟ್ಟು, ಇದ್ದುದರಲ್ಲಿ ಸುಧಾರಿಸಿದೆ.

ಅವರು ಕೋಲು ಹಿಡಿದು ಬಾವಿಯ ಕಟ್ಟೆಯವರೆಗೆ ಬರುವಷ್ಟಾದ ಮೇಲೂ ಹಾಗೇ ನಡೆಯಿತು. ಒಂದು ಮಧ್ಯಾಹ್ನ ಬೊಡ್ಡೆ ಇಟ್ಟು, ಹ್ಞೂಂ ಮಾವಾರ ಎಂದೆ. ಅವರು ಕೂಗಲಿಲ್ಲ. ಕಟ್ಟೆಯ ಮೇಲೆ ಕೂತು ಕೋಲಿನಿಂದ ಮಣ್ಣು ಕೆದರುತ್ತಿದ್ದರು.

"ನೀ ಕೂಗಿದರೂ ಹೋಗತೈತಿ ಅದು," ಎಂದರು. "ಅವತ್ತ ನನಗ ನಿದ್ದಿ ಹತ್ತಿರಲಿಲ್ಲ ಯವ್ವಾ. ಕಲತೀ ಏನು ಅಂತ ನೋಡಾಕ ಸುಮ್ಮ ಮಲಗಿದ್ದೆ."

ನನ್ನ ಸುಳ್ಳು ಅವರಿಗೆ ಅಂದೇ ಗೊತ್ತಿತ್ತು. ಇಷ್ಟು ದಿನ ಒಳಗೇ ಉಳಿದ ಮಾತು ತಾನಾಗಿ ಹೊರಬಿತ್ತು. ಆ ಸಂಜೆ ಕೂತು ಉಣ್ಣುವವರು ಎಂದದ್ದು ನಿಮಗಲ್ಲ ಎಂದೆ.

"ಗೊತ್ತೈತಿ," ಎಂದರು ಅವರು. "ಆದರ ನಾಳೆನೂ ನನ್ನ ಕರಿ."

ಹಾಗೆಂದು ಕೋಲು ಪಕ್ಕಕ್ಕಿಟ್ಟು ಕೂಗಿದರು. ಎತ್ತು ಇಳಿಜಾರು ಇಳಿಯಿತು.