ಕಪಾಟಿನಲ್ಲಿ ಉಳಿದ ಎರಡನೆಯ ಪುಟ

ಕಾನೂನು ಶಿಕ್ಷಣದಲ್ಲಿ ಪಾಠ ಹೇಳುವವರಿಗೆ ಸಲ್ಲುವ ಗೌರವ, ಪಾಠ ಮುಗಿಸಿದವರಿಗೆ ಕೆಲಸದ ದಾರಿ ತೋರುವವರಿಗೆ ಸಲ್ಲುವುದಿಲ್ಲ. ಸ್ನಾತಕೋತ್ತರ ಪದವಿಗೆಂದು ಹೊರದೇಶಗಳಿಂದ ಬಂದ ವಕೀಲರಿಗೆ ಆ ದಾರಿ ತೋರುವುದನ್ನಂತೂ ಯಾರೂ ಒಂದು ವಿದ್ಯೆಯೆಂದೇ ಎಣಿಸದಿದ್ದ ಕಾಲದಲ್ಲಿ, ನಮ್ಮ ಕಾನೂನು ಕಾಲೇಜಿನ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಮೂವತ್ತೊಂದು ವರ್ಷ ಕುಳಿತು ಅದನ್ನೊಂದು ವಿದ್ಯೆಯನ್ನಾಗಿ ಮಾಡಿದವರು ಈ ಸಂಪುಟದ ಗೌರವಕ್ಕೆ ಪಾತ್ರರಾದ ನಮ್ಮ ಮೇಡಂ. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಒಂದು ಪುಟದ ಮೇಡಂ’. ಆ ಹೆಸರು ಅವರಿಗೂ ಗೊತ್ತು. ಗೊತ್ತಿಲ್ಲದವರಂತೆ ಇದ್ದದ್ದು ಅವರ ದೊಡ್ಡತನ.

ಒಂದು ಕಾಲಕ್ಕೆ ಅವರೂ ನಮ್ಮಂತೆ ಹೊರಗಿನಿಂದ ಬಂದ ವಿದ್ಯಾರ್ಥಿನಿ. ವಕೀಲಿ ಕೆಲಸ ಸಿಗುವವರೆಗೆ ಇರಲಿ ಎಂದು ಮೂರು ತಿಂಗಳ ಮಟ್ಟಿಗೆ ಹಿಡಿದ ಕಚೇರಿಯ ಕೆಲಸ ಜೀವಮಾನದ ಕಾಯಕವಾಯಿತು. ಅದಕ್ಕಾಗಿ ಅವರು ಕೊರಗಿದ್ದನ್ನು ನಾನು ಕಂಡಿಲ್ಲ. ಕೊರಗಲು ನಾವು ಬಿಡುವು ಕೊಟ್ಟಿದ್ದರೆ ತಾನೆ?

ನಾನು ಆ ಕೋಣೆಗೆ ಕಾಲಿಟ್ಟದ್ದು ಹತ್ತೊಂಬತ್ತು ವರ್ಷಗಳ ಹಿಂದೆ, ನಾಲ್ಕು ಪುಟದ ಬಯೋಡೇಟಾ ಹಿಡಿದುಕೊಂಡು. ನಮ್ಮ ದೇಶದ ಕೆಳಗಿನ ಕೋರ್ಟಿನಲ್ಲಿ ಆರು ವರ್ಷ ವಾದಿಸಿದವನೆಂಬ ಜಂಬ ನನ್ನ ನಡಿಗೆಯಲ್ಲೇ ಇತ್ತು. ಮೇಡಂ ಕೆಂಪು ಪೆನ್ನು ಹಿಡಿದು ಒಂದೊಂದೇ ಸಾಲು ಹೊಡೆದುಹಾಕುತ್ತ ಹೋದರು. ನಾಲ್ಕು ಪುಟ ಒಂದಾಯಿತು, ಆರು ವರ್ಷ ಒಂದು ಸಾಲಾಯಿತು, ಜಂಬವೂ ಅಷ್ಟಕ್ಕೇ ಇಳಿಯಿತು. ಇಲ್ಲಿಯ ವಕೀಲರ ಸಂಸ್ಥೆಗಳಿಗೆ ಹೊರಗಿನ ಅನುಭವ ಉದ್ದವಾದಷ್ಟೂ ಅನುಮಾನ ಹೆಚ್ಚು. ಆದ್ದರಿಂದ ಮೊದಲು ಒಳಗೆ ಹೋಗಬೇಕು, ಉಳಿದದ್ದನ್ನು ಅವರು ಕೇಳಿದಾಗ ಹೇಳಬೇಕು ಎಂಬುದು ಅವರ ಪಾಠ. ಹೊಡೆದುಹಾಕಿದ್ದನ್ನು ಮಾತ್ರ ಅವರು ಎಸೆಯುತ್ತಿರಲಿಲ್ಲ. ತಾವೇ ಬೇರೆ ಹಾಳೆಯಲ್ಲಿ ಅಚ್ಚುಕಟ್ಟಾಗಿ ಟೈಪು ಮಾಡಿ, ಹೆಸರು ಬರೆದು, ಕಬ್ಬಿಣದ ಕಪಾಟಿನಲ್ಲಿ ಇಡುತ್ತಿದ್ದರು.

“ಇದು ನಿನ್ನ ಎರಡನೇ ಪುಟ. ಕೆಲಸ ಸಿಕ್ಕಿದ ಮೇಲೆ ಬಂದು ತಗೊಂಡು ಹೋಗಪ್ಪ,” ಎಂದಿದ್ದರು.

ನಾನು ಹೋಗಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗಿರುತ್ತದೆ?

ಅವರ ಉಪಕಾರಗಳು ಸಣ್ಣವು, ಹಾಗಾಗಿಯೇ ಮರೆಯುವಂಥವಲ್ಲ. ಬಾಗಿಲ ಹಿಂದೆ ಮೂರು ಅಳತೆಯ ಮೂರು ಕಪ್ಪು ಕೋಟು ನೇತಾಡುತ್ತಿದ್ದವು. ಸಂದರ್ಶನಕ್ಕೆ ಯಾರು ಬೇಕಾದರೂ ತೊಟ್ಟು ಹೋಗಬಹುದಿತ್ತು, ಮತ್ತು ಯಾವುದರ ಜೇಬಿಗೆ ಕೈ ಹಾಕಿದರೂ ಒಂದು ಪೆಪ್ಪರ್‌ಮೆಂಟ್ ಸಿಗುತ್ತಿತ್ತು. ಸಂದರ್ಶನದ ಹಿಂದಿನ ದಿನ ಅವರೇ ನಮ್ಮ ಜೊತೆ ನಡೆದು ಆ ಬೀದಿ, ಆ ಕಟ್ಟಡ, ಅದರ ಲಿಫ್ಟಿನವರೆಗೆ ಬಂದು ತೋರಿಸುತ್ತಿದ್ದರು; ದಾರಿ ಹುಡುಕಿ ಬಂದವನ ಬಾಯಿ ಒಣಗಿರುತ್ತದೆ ಎನ್ನುತ್ತಿದ್ದರು. ನನ್ನ ಜೊತೆ ಐದು ಕಟ್ಟಡಗಳಿಗೆ ನಡೆದರು. ಐದನೆಯದರಲ್ಲಿ ನನ್ನನ್ನು ತೆಗೆದುಕೊಂಡರು. ಅಲ್ಲಿದ್ದ ಹಿರಿಯರೊಬ್ಬರು ಆ ಒಂದು ಸಾಲಿನ ಮೇಲೆ ಬೆರಳಿಟ್ಟು, ಆರು ವರ್ಷ ಏನು ಮಾಡಿದೆ ಎಂದು ಕೇಳಿದ್ದರು. ನಾನು ಈಗ ಅದೇ ಸಂಸ್ಥೆಯಲ್ಲಿ ಪಾಲುದಾರ.

ಅಭಿನಂದನ ಸಂಪುಟದಲ್ಲಿ ತಪ್ಪೊಪ್ಪಿಗೆ ಬರೆಯುವ ವಾಡಿಕೆ ಇಲ್ಲ, ಸಂಪಾದಕರು ಸೈರಿಸಿಕೊಳ್ಳಬೇಕು. ಆರು ವರ್ಷಗಳ ಹಿಂದೆ ಮೇಡಂ ನನಗೆ ಮೊದಲ ಬಾರಿಗೆ ಫೋನು ಮಾಡಿ, ತಮ್ಮ ವಿದ್ಯಾರ್ಥಿನಿಯೊಬ್ಬರು ನಮ್ಮಲ್ಲಿಗೆ ಸಂದರ್ಶನಕ್ಕೆ ಬರುತ್ತಿದ್ದಾರೆ ಎಂದರು. ಶಿಫಾರಸು ಮಾಡಲಿಲ್ಲ, ಆಕೆಯ ಹಿಂದಿನ ಅನುಭವದ ಒಂದು ಸಾಲಿದೆ, ಅದನ್ನು ಓದು ಎಂದಷ್ಟೇ ಹೇಳಿದರು. ಆಕೆ ತಮ್ಮ ದೇಶದಲ್ಲಿ ನ್ಯಾಯಾಧೀಶರಾಗಿದ್ದು, ಹುದ್ದೆಗೆ ರಾಜೀನಾಮೆ ಕೊಟ್ಟು ಓದಲು ಬಂದವರು. ಸಹಪಾಠಿಗಳಿಗೆ ಅವರು ಜಡ್ಜಮ್ಮ. ಪದವಿ ಮುಗಿದ ತೊಂಬತ್ತು ದಿನಗಳಲ್ಲಿ ಕೆಲಸ ಸಿಗದಿದ್ದರೆ ಹಿಂದಿರುಗಲೇಬೇಕೆಂಬುದು ಇಲ್ಲಿಯ ವಾಸದ ಪರವಾನಗಿಯ ನಿಯಮ. ಅವರು ನಮ್ಮೆದುರು ಕುಳಿತದ್ದು ಎಂಬತ್ತಮೂರನೆಯ ದಿನ. ಮೈಮೇಲೆ ಅದೇ ಕಪ್ಪು ಕೋಟು.

ನನ್ನ ಅಕ್ಕಪಕ್ಕ ಇಬ್ಬರು ಹಿರಿಯ ಪಾಲುದಾರರಿದ್ದರು. ಇಲ್ಲಿ ನಿಮಗೇನು ಅನುಭವ ಎಂದು ಅವರಲ್ಲೊಬ್ಬರು ಕೇಳಿದರು. “ಇಲ್ಲಿ ಇಲ್ಲ. ಅಲ್ಲಿ ಇದೆ,” ಎಂದರು ಜಡ್ಜಮ್ಮ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಮಗೆಲ್ಲ ಕಲಿಸಿದ ಉತ್ತರ ಅದು. ಅಷ್ಟು ಹೇಳಿ ಮುಂದಿನ ಪ್ರಶ್ನೆ ಬರುವವರೆಗೆ ಕಾಯಬೇಕು. ಅವರು ಕಾಯುತ್ತಿದ್ದಾರೆಂದು ಅಲ್ಲಿ ಕುಳಿತವರಲ್ಲಿ ಗೊತ್ತಿದ್ದವನು ನಾನೊಬ್ಬನೇ. ‘ನ್ಯಾಯಾಲಯದಲ್ಲಿ ಸೇವೆ, ಹನ್ನೊಂದು ವರ್ಷ’ ಎಂಬ ಸಾಲು ನನ್ನ ಕೈಯಲ್ಲೇ ಇತ್ತು. ಅದರ ಬಗ್ಗೆ ಕೇಳಿದರೆ, ಹೊರಗಿನವನು ಹೊರಗಿನವರಿಗೇ ಮಣೆ ಹಾಕುತ್ತಾನೆ ಎಂಬ ಮಾತು ಬಂದೀತೆಂದು ಹೆದರಿದೆ. ಕೇಳದೆ ಹಾಳೆ ಮಗುಚಿಟ್ಟೆ. ಹನ್ನೆರಡು ನಿಮಿಷದಲ್ಲಿ ಸಂದರ್ಶನ ಮುಗಿಯಿತು. ಏಳು ದಿನದ ನಂತರ ಅವರು ವಿಮಾನ ಹತ್ತಿದರು.

ಮೇಡಂ ಮತ್ತೆಂದೂ ನನಗೆ ಫೋನು ಮಾಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಳೆದ ತಿಂಗಳು ಅವರು ನಿವೃತ್ತರಾಗಿ ಕೋಣೆ ಖಾಲಿ ಮಾಡುವಾಗ, ಕಪಾಟಿನ ಕಡತ ಇಳಿಸಲು ಊರಲ್ಲಿದ್ದ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆದರು. ನಾನೂ ಹೋದೆ. ನನ್ನ ಎರಡನೆಯ ಪುಟ ಕೈಗೆ ಬಂತು; ಓದಿ ನಗು ಬಂತು, ಅಷ್ಟು ದೊಡ್ಡಸ್ತಿಕೆ. ಅದರ ಕೆಳಗೆ ಜಡ್ಜಮ್ಮನ ಪುಟವಿತ್ತು. ಕೆಲಸ ಸಿಕ್ಕವರು ತಾನೆ ಬಂದು ಒಯ್ಯಬೇಕಾದದ್ದು? ಅವರು ಒಯ್ದಿರಲಿಲ್ಲ. ಬಂದರಿನ ಊರೊಂದರಲ್ಲಿ ಹನ್ನೊಂದು ವರ್ಷ ಅವರು ತೀರ್ಮಾನಿಸಿದ್ದು ಬಹುಪಾಲು ಹಡಗಿನ ಸರಕು ಹಾಳಾದ ವ್ಯಾಜ್ಯಗಳನ್ನೇ. ನಾವು ಅವರನ್ನು ಕಳಿಸಿಬಿಟ್ಟ ವರ್ಷವೇ ನಮ್ಮ ಸಂಸ್ಥೆ ಅಂಥದೊಂದು ವ್ಯಾಜ್ಯಕ್ಕೆ ತಿಳಿದವರು ಬೇಕೆಂದು ಎಂಟು ತಿಂಗಳು ಹುಡುಕಿತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದೆವು.

ಅವರೀಗ ಎಲ್ಲಿದ್ದಾರೆ ಎಂದು ಕೇಳಿದೆ. ಬಿಟ್ಟ ಹುದ್ದೆ ಮತ್ತೆ ಸಿಗಲಿಲ್ಲವೆಂದೂ, ನೋಟರಿಯೊಬ್ಬರ ಕಚೇರಿಯಲ್ಲಿ ಸಹಿಗಳನ್ನು ತಾಳೆ ನೋಡುವ ಕೆಲಸ ಮಾಡುತ್ತಿದ್ದಾರೆಂದೂ ಮೇಡಂ ಹೇಳಿದರು. ಆಮೇಲೆ ಖಾಲಿ ಕಪಾಟಿನ ಬಾಗಿಲು ಹಾಕುತ್ತ, ನನ್ನ ಮುಖ ನೋಡದೆ ಅಂದರು:

“ಹಡಗಿನ ವಿಷಯ ಹೊಡೆದುಹಾಕಿದೋಳು ನಾನು. ಕೇಳದೆ ಬಿಟ್ಟೋನು ನೀನು. ಒಬ್ಬರ ಮೇಲೊಬ್ಬರು ಹಾಕೋದು ಬೇಡ. ಈ ಪುಟ ನೀನೇ ಕಳಿಸು.”

ಮೂವತ್ತೊಂದು ವರ್ಷದಲ್ಲಿ ಅವರು ದಡ ಸೇರಿಸಿದವರು ನೂರಾರು ಮಂದಿ, ಈ ಸಂಪುಟದ ಉಳಿದ ಲೇಖನಗಳೇ ಅದಕ್ಕೆ ಸಾಕ್ಷಿ. ಆದರೆ ಆ ಹೊತ್ತು ಅವರಿಗೆ ನೆನಪಿದ್ದದ್ದು ಸೇರದೆ ಹೋದ ಒಬ್ಬರು ಮಾತ್ರ. ಮೇಡಂ ಎಂಥವರೆಂದು ಹೇಳಲು ನನಗೆ ಇದಕ್ಕಿಂತ ಹೆಚ್ಚಿನದು ತಿಳಿಯದು.

ಆ ಪುಟ ಮೂರು ವಾರ ನನ್ನ ಮೇಜಿನ ಮೇಲಿತ್ತು. ಜೊತೆಗಿಡುವ ಪತ್ರವನ್ನು ಹತ್ತು ಸಲ ಬರೆದು ಹರಿದೆ. ಕ್ಷಮೆ ಕೇಳಿದ ಸಾಲೆಲ್ಲ ನನ್ನ ಬಗ್ಗೆಯೇ ಆಗುತ್ತಿತ್ತು. ಕೊನೆಗೆ ಮೇಡಂ ಕಲಿಸಿದಂತೆ ಎಲ್ಲ ಹೊಡೆದುಹಾಕಿ ಒಂದೇ ಸಾಲು ಉಳಿಸಿ, ನಿನ್ನೆ ಅಂಚೆಗೆ ಹಾಕಿದೆ: “ಅಲ್ಲಿ ಹನ್ನೊಂದು ವರ್ಷ ಏನು ಮಾಡಿದಿರಿ? ದಯವಿಟ್ಟು ಹೇಳಿ, ಕೇಳಲು ಕುಳಿತಿದ್ದೇನೆ.”

ಉತ್ತರ ಬಂದೀತೋ ಇಲ್ಲವೋ. ಬಂದರೆ ಮೇಡಂ ಅವರ ಮನೆಗೆ ಹೋಗಿ ಮೊದಲು ಅವರಿಗೇ ಓದಿ ಹೇಳುತ್ತೇನೆ. ಅಲ್ಲಿಯವರೆಗೂ, ಅದರಾಚೆಗೂ, ಅವರು ಕೆಂಪು ಪೆನ್ನು ಕೆಳಗಿಡದೆ, ಕಣ್ಣು ಕಿವಿ ಚುರುಕಾಗಿದ್ದುಕೊಂಡು, ನೂರ್ಕಾಲ ಬಾಳಬೇಕು.