ಪೇಟಿಯ ಮೇಲೆ ಇಳಿದ ಚಂದ್ರ

ಈ ವಯಸ್ಸಿನಲ್ಲೂ ಆ ಸಂಜೆ ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ. ಇಷ್ಟು ದಿನ ಯಾರ ಮುಂದೆಯೂ ಹೇಳಿಲ್ಲ. ಹೇಳಲು ಮುಖವಾದರೂ ಎಲ್ಲಿತ್ತು?

ಆಗ ಯುದ್ಧದ ಕಾಲ. ನಾನು ಬಬಲೇಶ್ವರದಲ್ಲಿ ಕನ್ನಡ ಸಾಲಿಯ ಮಾಸ್ತರ, ಇಪ್ಪತ್ತಾರು ವರ್ಷದವ. ನಮ್ಮ ಕಡೆ ಪೇಟಿ ಎನ್ನುವ ಹಾರ್ಮೋನಿಯಂ ಬಾರಿಸುತ್ತಿದ್ದೆ. ರವಿವಾರ ಬಂತೆಂದರೆ ಸೈಕಲ್ ತುಳಿದು ತಿಕೋಟಾಕ್ಕೆ ಹೋಗುತ್ತಿದ್ದೆ. ಅಲ್ಲಿ ಸಾರಂಗಿ ನುಡಿಸುವ ಹಿರಿಯರೊಬ್ಬರಿದ್ದರು. ನನ್ನ ಬಾಯಲ್ಲಿ ಅವರು ಚಾಚಾ. ವಿಜಾಪುರದಿಂದ ತಬಲಾದ ಗೆಳೆಯನೊಬ್ಬ ಬರುತ್ತಿದ್ದ. ಚಾಚಾನ ಮನೆಯ ಬೇವಿನ ಕೆಳಗೆ ಮೂವರೂ ಕೂತುಬಿಟ್ಟರೆ ಊಟದ ನೆನಪೂ ಇರುತ್ತಿರಲಿಲ್ಲ.

ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳು ಚಂದ್ರನ ಹೆಂಡಂದಿರು. ಅವನೋ ರೋಹಿಣಿಯ ಮನೆ ಬಿಟ್ಟು ಕದಲಲೊಲ್ಲ. ಉಳಿದವರ ದೂರು ಕೇಳಿ ಮಾವ ಶಪಿಸಿದ, ಅಳಿಯ ಸವೆಯತೊಡಗಿದ. ಪುರಾಣ ಹೇಳುವವರ ಬಾಯಲ್ಲಿ ಕೇಳಿದ ಈ ಕಥೆಯನ್ನು ಚಾಚಾ ಒಂದೂ ಮಾತಿಲ್ಲದೆ, ಬರೀ ಮೂರು ವಾದ್ಯಗಳಿಗೆ ಕಟ್ಟಿದ್ದರು. ಎರಡು ವರ್ಷ ಹಿಡಿದಿತ್ತು. ಚಂದ್ರ ಸವೆಯುವ ಜಾಗದಲ್ಲಿ ಸಾರಂಗಿ ಮೇಲಿನ ಷಡ್ಜದಿಂದ ಎಲ್ಲೂ ತುಂಡಾಗದೆ ಜಾರುತ್ತ ಜಾರುತ್ತ ಇಳಿಯುತ್ತಿತ್ತು. ಆಗ ನನ್ನ ಪೇಟಿಯ ಕೆಲಸ ಒಂದೇ ಸ್ವರ ಹಿಡಿದು ಸುಮ್ಮನೆ ಕೂಡ್ರುವುದು.

"ಒಮ್ಮಿ ನಾಕು ಮಂದಿ ತಿಳದವರ ಮುಂದ ಇದನ್ನ ಬಾರಿಸಿದ್ರ ಸಾಕಲೇ ಮಾಸ್ತರ. ಆಮ್ಯಾಲ ಸಾರಂಗಿ ಗೂಟಕ್ಕ ಹಾಕಿಬಿಡತೀನಿ" ಅನ್ನುತ್ತಿದ್ದರು.

ನಾನೇ ಓಡಾಡಿ ವಿಜಾಪುರದಲ್ಲಿ, ಗೋಳಗುಮ್ಮಟದ ಕಡೆ ಇದ್ದ ಹತ್ತಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಸಂಗೀತದ ಬೈಠಕ್ ಗೊತ್ತುಮಾಡಿದೆ. ಚಾಚಾ ಹೊಸ ಅಂಗಿ ಹೊಲಿಸಿದರು. ಇನ್ನು ಮೂರು ದಿನ ಇದೆ ಅನ್ನುವಾಗ ಆ ಸಾಹುಕಾರರು ನನ್ನನ್ನು ಕರೆಸಿದರು.

"ಸಾರಂಗಿ ಬ್ಯಾಡ್ರಿ ಮಾಸ್ತರ. ಅದು ಕುಣಿಯೋ ಹೆಂಗಸರ ಮನಿ ವಾದ್ಯ. ನಮ್ಮ ಮನ್ಯಾಗ ಹೆಣ್ಮಕ್ಕಳು ಕುಂತು ಕೇಳ್ತಾರ. ನಿಮ್ಮ ಪೇಟಿ ಇದ್ರ ಸಾಕು."

ಹಂಗಾರ ನಾನೂ ಬರೂದಿಲ್ರಿ ಅನ್ನಬೇಕಿತ್ತು. ಅನ್ನಲಿಲ್ಲ. ಊರ ದೊಡ್ಡವರೆಲ್ಲ ಬಂದು ನನ್ನೊಬ್ಬನನ್ನೇ ನೋಡುತ್ತಾರೆ ಎಂಬ ಆಸೆ ಒಳಗೆ ಕುಣಿದಾಡಿತು, ಥೂ ನನ್ನ ಜನ್ಮಕ್ಕೆ. ನೆಟ್ಟಗೆ ತಿಕೋಟಾಕ್ಕೆ ಹೋದೆ. ಚಾಚಾ ಸಾರಂಗಿ ಒರೆಸುತ್ತ ಕೂತಿದ್ದರು. ಅದನ್ನು ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. "ಬೈಠಕ್ ರದ್ದಾತ್ರಿ ಚಾಚಾ. ಸಾಹುಕಾರ್ರ ತಾಯಿ ತೀರಕೊಂಡ್ರು" ಅಂದುಬಿಟ್ಟೆ.

"ಯಾ ಅಲ್ಲಾ" ಎಂದು ಅವರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. ಬದುಕಿದೆಯಾ ಬಡಜೀವವೇ ಎಂದು ನಾನು ಸೈಕಲ್ ಹತ್ತಿದೆ. ಸತ್ತವರ ಮನೆಗೆ ಮೂರನೇ ದಿನ ಮಾತಾಡಿಸಲು ಹೋಗುವುದನ್ನು ನಮ್ಮ ಸೀಮೆಯಲ್ಲಿ ಯಾರೂ ತಪ್ಪಿಸುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಂಡೆಗೆ ಅದು ಹೊಳೆಯಲೇ ಇಲ್ಲ.

ಬೈಠಕ್ಕಿನ ದಿನ ಹೊತ್ತು ಮುಳುಗಿ ಅಂಗಳದ ಮೇಲಿನ ಆಕಾಶದಲ್ಲಿ ಒಂದೆರಡು ಚಿಕ್ಕಿ ಮೂಡಿದಾಗ ಶುರುಮಾಡಿದೆವು. ಚಾಚಾ ಎಲ್ಲಿ ಎಂದು ತಬಲಾದವನು ಕೇಳಿದ, ಜ್ವರ ಅಂದೆ. ಸಾಹುಕಾರರ ತಾಯಿ ಎಲ್ಲರಿಗಿಂತ ಮುಂದೆ, ಎಲೆಅಡಿಕೆ ಜಗಿಯುತ್ತ ಗಟ್ಟಿಮುಟ್ಟಾಗಿ ಕೂತಿದ್ದರು. ಚಂದ್ರ ಸವೆಯುವ ಜಾಗ ಬಂತು. ಪೇಟಿಯಲ್ಲಿ ಜಾರುವುದು ಹೇಗೆ? ಅದರ ಒಂದೊಂದು ಸ್ವರಕ್ಕೂ ಒಂದೊಂದು ಮನೆ. ಠಕ್ ಠಕ್ ಎಂದು ಒಂದೊಂದನ್ನೇ ಒತ್ತಿ ಇಳಿಸುತ್ತಿದ್ದೆ. ಮಂದಿ ವಾಹ್ ವಾಹ್ ಅಂದರು. ಹಿಗ್ಗಿ ತಲೆಯೆತ್ತಿದರೆ ಬಾಗಿಲಲ್ಲಿ ಚಾಚಾ.

ಸಾರಂಗಿ ಇರಲಿಲ್ಲ. ಹಳೆಯ ಅಂಗಿ, ಕೈಯಲ್ಲಿ ಪೇರಲ ಹಣ್ಣಿನ ಗಂಟು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಚಾಚಾನ ಮನೆಯ ರೊಟ್ಟಿ ಇವರಿಗೆ ನಡೆಯುವುದಿಲ್ಲ, ಅದಕ್ಕೇ ಹಣ್ಣು. ನೋಡಿದೊಡನೆ ನನಗೆಲ್ಲ ತಿಳಿಯಿತು. ಆಗಲಾದರೂ ಕೈ ತೆಗೆದೆನೆ? ಇಲ್ಲ, ಬಾರಿಸುತ್ತಲೇ ಇದ್ದೆ. ಅವರು ಚಪ್ಪಲಿ ಬಿಟ್ಟ ಕಡೆ ಕೂತು, ತಾವು ಕಟ್ಟಿದ್ದನ್ನು ಕೊನೆಯವರೆಗೆ ಕೇಳಿದರು.

ಮುಗಿದ ಮೇಲೆ ಸಾಹುಕಾರರು, "ಯಾರು ಬೇಕಾಗಿತ್ರಿ?" ಎಂದು ಅವರನ್ನು ಕೇಳಿದರು. ಮುಗಿಯಿತು, ನನ್ನ ಮಾನ ಈ ಅಂಗಳದಲ್ಲೇ ಹರಾಜು, ಅಂದುಕೊಂಡೆ.

"ಸಾಹುಕಾರ್ರ ತಾಯಿ ಯಾರ್ರಿ?"

"ನಾನ ನೋಡಪಾ, ಬಾ" ಎಂದರು ಮುದುಕಿ.

ಚಾಚಾ ಆಕೆಯ ಹತ್ತಿರ ಬಂದರು. ನನ್ನ ಕಡೆ ನೋಡಲಿಲ್ಲ. ಗಂಟನ್ನು ಆಕೆಯ ಮುಂದಿಟ್ಟು, "ನಮ್ಮ ಗಿಡದ ಹಣ್ಣರಿ ಅವ್ವಾರ. ಮಾಸ್ತರ ಬಾರಿಸೂದು ಕೇಳಾಕ ಬಂದಿದ್ದೆ. ನೂರು ವರ್ಷ ಬಾಳ್ರಿ" ಎಂದು ಕೈಮುಗಿದು ಹೊರಟರು. ಮುದುಕಿ ನನ್ನ ಕಡೆ ತಿರುಗಿ, "ಭಾಳ ಚಂದ ಕಟ್ಟೀದಿ ನೋಡಪಾ" ಅಂದರು. ನಾನು ತಲೆ ತಗ್ಗಿಸಿದೆ. ಮಂದಿ ಅದನ್ನು ವಿನಯ ಎಂದುಕೊಂಡರು.

ಓಣಿಯ ತಿರುವಿಗೆ ಓಡಿಹೋಗಿ ಚಾಚಾನನ್ನು ಹಿಡಿದೆ. ಸಾಹುಕಾರರು ಅಂದದ್ದು, ನಾನು ಸುಮ್ಮನಿದ್ದದ್ದು, ಎಲ್ಲ ಹೇಳಿ ಅತ್ತೆ. ಅವರು ಬೈಯಲಿಲ್ಲ. ಬೈದಿದ್ದರೆ ಇವತ್ತು ಇಷ್ಟು ಸುಡುತ್ತಿರಲಿಲ್ಲ.

"ಚಂದ್ರಗ ಪಾವಟಗಿ ಕಟ್ಟಿ ಒಂದೊಂದ ಮೆಟ್ಟಲಾ ಇಳಿಸಿದಿ, ಹೋಗ್ಲಿ" ಎಂದರು. "ಸಾರಂಗಿ ಬ್ಯಾಡ ಅಂದಾರ ಅಂತ ಹೇಳಿದ್ರ ಮನ್ಯಾಗ ಇರತಿದ್ದೆ. ನಿನಗರೆ ಚಲೋ ಆಗ್ಲಿ ಅಂತಿದ್ದೆ. ನೀ ಸಾವು ಅಂದಿ. ಆ ಮುದುಕಿ ಸಲುವಾಗಿ ಮೂರು ದಿನ ಸಾರಂಗಿ ಮುಟ್ಟಿಲ್ಲೋ ಮಾಸ್ತರ ನಾ."